ನಿವೃತ್ತಿಯ ನಂತರ ಮೊದಲ ಕ್ರೆಡಿಟ್ ಕಾರ್ಡ್: ಸಾಲವನ್ನೇ ಮಾಡದವರ ಅರ್ಜಿ ಏಕೆ ತಿರಸ್ಕೃತವಾಗುತ್ತದೆ?

ಪ್ರಶ್ನೆ: ನನಗೆ 63 ವರ್ಷ. ಶಿಕ್ಷಕಿಯಾಗಿ ನಿವೃತ್ತಳಾಗಿದ್ದು, ತಪ್ಪದೆ ಪಿಂಚಣಿ ಬರುತ್ತಿದೆ. ಇದುವರೆಗೆ ಎಲ್ಲಿಯೂ ಸಾಲ ಮಾಡಿಲ್ಲ. ಆದರೂ ಕ್ರೆಡಿಟ್ ಕಾರ್ಡ್ ಅರ್ಜಿಯನ್ನು ಬ್ಯಾಂಕ್ ತಿರಸ್ಕರಿಸಿತು. ಬೇರೆ ದಾರಿ ಇದೆಯೇ?

ಉತ್ತರ: ಖಂಡಿತ ಇದೆ. ಈ ತಿರಸ್ಕಾರವನ್ನು ನಿಮ್ಮ ಪ್ರಾಮಾಣಿಕತೆಯ ಮೇಲಿನ ತೀರ್ಪೆಂದು ದಯವಿಟ್ಟು ಭಾವಿಸಬೇಡಿ. ಸಿಬಿಲ್‌ನಂತಹ ಸಂಸ್ಥೆಗಳು 300ರಿಂದ 900ರವರೆಗಿನ ಅಂಕವನ್ನು ನೀಡುವುದು ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂಬುದರ ಆಧಾರದ ಮೇಲೆ. ನಿಮ್ಮ ಉಳಿತಾಯವಾಗಲಿ, ಠೇವಣಿಯಾಗಲಿ, ಪಿಂಚಣಿಯಾಗಲಿ ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಜೀವನವಿಡೀ ಸಾಲವಿಲ್ಲದೆ ಬಾಳಿದವರ ವಿಷಯದಲ್ಲಿ ಅಳೆಯಲು ಏನೂ ಇರುವುದಿಲ್ಲ. ಇದರ ಜೊತೆಗೆ, ಠೇವಣಿಯ ಆಧಾರವಿಲ್ಲದ ಕಾರ್ಡ್‌ಗಳಿಗೆ ಹಲವು ಬ್ಯಾಂಕುಗಳು 60 ಅಥವಾ 65 ವರ್ಷದ ಗರಿಷ್ಠ ಮಿತಿಯನ್ನು ತಾವೇ ಹಾಕಿಕೊಂಡಿವೆ. ನಿಮ್ಮ ವಿಷಯದಲ್ಲಿ ಅಡ್ಡಿಯಾದದ್ದು ಯಾವುದೆಂದು ಕೇಳಿ ತಿಳಿಯಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ತಿರಸ್ಕಾರದ ಕಾರಣವನ್ನು ಬ್ಯಾಂಕ್ ಲಿಖಿತವಾಗಿ ತಿಳಿಸಬೇಕು. ಅದು ತಿಳಿಯುವ ಮೊದಲೇ ನಾಲ್ಕಾರು ಬ್ಯಾಂಕುಗಳಿಗೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಬ್ಯಾಂಕ್ ಸಿಬಿಲ್‌ನಂತಹ ಸಂಸ್ಥೆಯಲ್ಲಿ ನಡೆಸುವ ವಿಚಾರಣೆ, ನಿಮ್ಮ ಸಾಲದ ವಿವರಗಳಿರುವ ವರದಿಯಲ್ಲಿ ದಾಖಲಾಗುತ್ತದೆ.

ನಿಮ್ಮಂಥವರಿಗೆ ಅತ್ಯಂತ ಸೂಕ್ತವೆಂದು ನಾನು ಭಾವಿಸುವುದು ನಿಶ್ಚಿತ ಠೇವಣಿಯ ಆಧಾರದ ಕಾರ್ಡ್. ಪಿಂಚಣಿ ಬರುವ ಬ್ಯಾಂಕಿನಲ್ಲೇ ಒಂದು ಸಣ್ಣ ಠೇವಣಿಯನ್ನಿಟ್ಟರೆ, ಸಾಮಾನ್ಯವಾಗಿ ಅದರ ಶೇ. 75ರಿಂದ 90ರಷ್ಟು ಮೊತ್ತ ಕಾರ್ಡಿನ ಮಿತಿಯಾಗುತ್ತದೆ. ಆದಾಯದ ದಾಖಲೆಗಳನ್ನು ಹೆಚ್ಚಾಗಿ ಕೇಳುವುದಿಲ್ಲ, ಠೇವಣಿಗೆ ಬಡ್ಡಿಯೂ ಎಂದಿನಂತೆ ಬರುತ್ತಿರುತ್ತದೆ. ಕಾರ್ಡ್ ಇರುವವರೆಗೆ ಆ ಠೇವಣಿಯನ್ನು ಮುರಿಯಲಾಗದು, ಬಾಕಿ ಉಳಿಸಿದರೆ ಬ್ಯಾಂಕ್ ಅದರಿಂದಲೇ ವಸೂಲಿ ಮಾಡಿಕೊಳ್ಳಬಹುದು. ಆದ್ದರಿಂದ ಆಸ್ಪತ್ರೆಯ ಖರ್ಚಿಗೆಂದು ತೆಗೆದಿಟ್ಟ ಹಣವನ್ನು ಇದಕ್ಕೆ ಬಳಸಬೇಡಿ. ಈ ಕಾರ್ಡಿನ ಪಾವತಿಗಳೂ ಸಿಬಿಲ್ ಮುಂತಾದ ಸಂಸ್ಥೆಗಳಿಗೆ ವರದಿಯಾಗುವುದರಿಂದ, ಕೆಲವು ತಿಂಗಳು ಸರಿಯಾಗಿ ಕಟ್ಟಿದರೆ ನಿಮ್ಮ ಹೆಸರಿನಲ್ಲೂ ಅಂಕ ಮೂಡುತ್ತದೆ. ಮಕ್ಕಳ ಕಾರ್ಡಿಗೆ ಸೇರಿಸಿದ ಆ್ಯಡ್-ಆನ್ ಕಾರ್ಡ್ ಬಳಕೆಗೆ ಅನುಕೂಲವೇ ಸರಿ, ಆದರೆ ಅದರ ಬಾಕಿಯ ಹೊಣೆ ಮೂಲ ಕಾರ್ಡುದಾರರದು.

ವರ್ಷಕ್ಕೊಮ್ಮೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳಿಂದ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ನೀವು ಮಾಡದ ಸಾಲವೇನಾದರೂ ನಿಮ್ಮ ಹೆಸರಿನಲ್ಲಿದೆಯೇ ಎಂಬುದೂ ಅದರಿಂದ ತಿಳಿಯುತ್ತದೆ.

ಕಾರ್ಡ್ ಬಂದ ಮೇಲೆ ನಿಜವಾಗಿ ಎಚ್ಚರ ಬೇಕಾದದ್ದು ಬಿಲ್ಲಿನಲ್ಲಿ ಮುದ್ರಿತವಾಗಿರುವ ‘ಕನಿಷ್ಠ ಪಾವತಿ’ಯ ಬಗ್ಗೆ. 20,000 ರೂಪಾಯಿಯ ಬಿಲ್ಲಿಗೆ 1,000 ರೂಪಾಯಿ ಕಟ್ಟಿದರೆ ಸಾಕೆಂದು ಅದು ಸೂಚಿಸಬಹುದು. ಆದರೆ ಉಳಿದ ಹಣಕ್ಕೆ ತಿಂಗಳಿಗೆ ಶೇ. 3.5ರ ದರದಲ್ಲಿ ಬಡ್ಡಿ ಬಿದ್ದರೆ ಅದು ವರ್ಷಕ್ಕೆ ಶೇ. 42 ಆಗುತ್ತದೆ, ಮುಂದಿನ ಖರೀದಿಗಳಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಎಟಿಎಂನಲ್ಲಿ ಈ ಕಾರ್ಡಿನಿಂದ ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ ಆರಂಭ. ಪೂರ್ತಿ ಮೊತ್ತವೇ ಪಿಂಚಣಿ ಖಾತೆಯಿಂದ ತಾನಾಗಿ ಪಾವತಿಯಾಗುವಂತೆ ಮೊದಲ ದಿನವೇ ಬರೆದುಕೊಡಿ. ಬಿಲ್ಲಿನ ಆವರ್ತವನ್ನು, ಅಂದರೆ ಬಿಲ್ ತಯಾರಾಗುವ ತಿಂಗಳ ಅವಧಿಯನ್ನು, ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಕೊಟ್ಟಿರುವುದರಿಂದ, ಪಿಂಚಣಿ ಜಮೆಯಾದ ಕೆಲವೇ ದಿನಗಳಲ್ಲಿ ಪಾವತಿಯ ಗಡುವು ಬರುವಂತೆ ನೋಡಿಕೊಳ್ಳಿ.