ಕೆಲಸಗಾರರನ್ನು ತಿದ್ದುವ ಮೊದಲು ಕೆಲಸವನ್ನು ನೋಡಿ

"ನಮ್ಮ ಸಿಬ್ಬಂದಿಗೆ ಒಂದು ದಿನದ ತರಬೇತಿ ಇಟ್ಟುಕೊಡ್ತೀರಾ? ಸ್ವಲ್ಪ ಮನೋಭಾವ ಬದಲಾಗಬೇಕು." ಕೆಲಸದ ಜಾಗದ ಮನಃಶಾಸ್ತ್ರ ನನ್ನ ವೃತ್ತಿ. ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಶುರುವಾಗುವುದೇ ಹೀಗೆ. ದೂರುಗಳೂ ಹೆಚ್ಚುಕಡಿಮೆ ಒಂದೇ ಥರ. ನಿಯಮ ಪಾಲಿಸುವುದಿಲ್ಲ, ಹೊಸ ಸಾಫ್ಟ್‌ವೇರ್ ಮುಟ್ಟುವುದಿಲ್ಲ, ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ, ಪದೇ ಪದೇ ರಜೆ ಹಾಕುತ್ತಾರೆ. ತರಬೇತಿ ಆಮೇಲೆ ನೋಡೋಣ, ಮೊದಲು ಅವರು ಕೆಲಸ ಮಾಡುವ ಕಡೆ ಕೂತು ನೋಡಲು ಬಿಡಿ ಅನ್ನುತ್ತೇನೆ. ಕೆಲವರಿಗೆ ಇದು ಹಿಡಿಸುವುದಿಲ್ಲ. ತಪ್ಪು ಎಲ್ಲಿದೆ ಎಂದು ಅವರು ಆಗಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ.

ಕೂತು ನೋಡಿದರೆ ಏನು ಸಿಗಬಹುದು? ಆಸ್ಪತ್ರೆಗಳಿಗೆ ಬಾರ್‌ಕೋಡ್ ಬಂದಮೇಲೆ ಆದದ್ದನ್ನು ಹೇಳುತ್ತೇನೆ. ನರ್ಸ್ ರೋಗಿಯ ಕೈಪಟ್ಟಿಯಲ್ಲಿರುವ ಬಾರ್‌ಕೋಡನ್ನು ಸ್ಕ್ಯಾನ್ ಮಾಡಬೇಕು, ಔಷಧದ್ದನ್ನೂ ಮಾಡಬೇಕು. ಎರಡೂ ತಾಳೆಯಾದರಷ್ಟೇ ಔಷಧ ಕೊಡಬೇಕು. ಒಬ್ಬರ ಔಷಧ ಇನ್ನೊಬ್ಬರಿಗೆ ಹೋಗದಿರಲಿ ಅಂತ ಮಾಡಿದ ಒಳ್ಳೆಯ ಏರ್ಪಾಡು ಅದು. ಅಮೆರಿಕದ ಸಂಶೋಧಕ ರಾಸ್ ಕೊಪೆಲ್ ಮತ್ತು ಸಂಗಡಿಗರು ಕೆಲವು ಆಸ್ಪತ್ರೆಗಳಲ್ಲಿ ಇದು ನಿಜಕ್ಕೂ ಹೇಗೆ ನಡೆಯುತ್ತಿದೆ ಎಂದು ನೋಡಿ 2008ರಲ್ಲಿ ಬರೆದರು. ಅವರು ಗುರುತಿಸಿದ ಅಡ್ಡದಾರಿಗಳು 15 ಬಗೆಯವು. ರೋಗಿಗಳ ಬಾರ್‌ಕೋಡಿನ ಪ್ರತಿಗಳು ಗಾಡಿಗಳ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ, ನರ್ಸ್‌ಗಳ ಸೊಂಟದ ಬೆಲ್ಟಿನಲ್ಲಿ ಇರುತ್ತಿದ್ದವು. ರೋಗಿಯ ಕೈ ಮುಟ್ಟದೆಯೇ ಸ್ಕ್ಯಾನ್ ಮುಗಿಯುತ್ತಿತ್ತು.

ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಆದರೆ ಅದೇ ವರದಿಯಲ್ಲಿ ಕಾರಣಗಳ ಪಟ್ಟಿಯೂ ಇದೆ. ಮುದುರಿ, ಮಸುಕಾಗಿ, ಹರಿದುಹೋದ ಬಾರ್‌ಕೋಡುಗಳು. ಓದಲು ಒಪ್ಪದ ಸ್ಕ್ಯಾನರ್. ನಡುವೆಯೇ ಖಾಲಿಯಾಗುವ ಬ್ಯಾಟರಿ. ಬಂದು ಹೋಗುವ ವೈಫೈ. ಬಾರ್‌ಕೋಡೇ ಇಲ್ಲದ ಔಷಧ. ತುರ್ತು ಸಂದರ್ಭ. ಇಂಥ 31 ಬಗೆಯ ಕಾರಣಗಳನ್ನು ಅವರು ಎಣಿಸಿದ್ದಾರೆ. ಇವುಗಳಲ್ಲಿ ಯಾವುದನ್ನು ನೀವು ಮನೋಭಾವದ ತರಬೇತಿಯಿಂದ ಸರಿಮಾಡುತ್ತೀರಿ?

ಇದರಲ್ಲಿ ನನ್ನನ್ನು ಜಾಸ್ತಿ ಕಾಡುವ ವಿಷಯ ಇನ್ನೊಂದಿದೆ. ಬಾಗಿಲಿಗೆ ಅಂಟಿಸಿದ ಪ್ರತಿಯನ್ನು ಸ್ಕ್ಯಾನ್ ಮಾಡಿದರೂ ಕಂಪ್ಯೂಟರಿಗೆ ಅದು ಸರಿಯಾದ ಸ್ಕ್ಯಾನೇ. ಮೇಲಿನವರ ಪರದೆಯಲ್ಲಿ ಎಲ್ಲವೂ ಹಸಿರಾಗಿ ಕಾಣುತ್ತದೆ. ಹಿಂದೆ ಕಾಗದದ ಮೇಲೆ ಕೆಲಸ ನಡೆಯುವಾಗ ತೊಂದರೆ ಆದರೆ ಮುಖ್ಯ ನರ್ಸ್ ಕಿವಿಗೆ ಬೀಳುತ್ತಿತ್ತು. ಈಗ ತೊಂದರೆಯನ್ನು ದಾಟಿ ಹೋಗುವ ದಾರಿಯೇ ಆ ತೊಂದರೆಯನ್ನು ಮುಚ್ಚಿಡುತ್ತದೆ. ಹಾಗಾಗಿ ವರದಿ ತುಂಬಾ ಚೆನ್ನಾಗಿರುವ ವಿಭಾಗವನ್ನು ನಾನು ಮೊದಲು ನೋಡಲು ಹೋಗುತ್ತೇನೆ.

ಅಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ: "ಎಲ್ಲವನ್ನೂ ಪುಸ್ತಕದಲ್ಲಿ ಇರುವ ಹಾಗೆಯೇ ಮಾಡಿದರೆ ಇವತ್ತಿನ ಕೆಲಸ ಇವತ್ತೇ ಮುಗಿಯುತ್ತಾ?" ಸಾಮಾನ್ಯವಾಗಿ ನಗು ಬರುತ್ತದೆ, ಆಮೇಲೆ ನಿಜ ಬರುತ್ತದೆ. ಕಾರ್ಮಿಕ ಸಂಘಗಳಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. 'ವರ್ಕ್ ಟು ರೂಲ್' ಎಂಬ ಪ್ರತಿಭಟನೆಯಲ್ಲಿ ಯಾರೂ ಕೆಲಸ ನಿಲ್ಲಿಸುವುದಿಲ್ಲ. ಪ್ರತಿಯೊಂದು ನಿಯಮವನ್ನೂ ಅಕ್ಷರ ಬಿಡದೆ ಪಾಲಿಸುತ್ತಾರೆ, ಅಷ್ಟೇ. ಅಷ್ಟಕ್ಕೇ ಎಲ್ಲವೂ ಕುಂಟತೊಡಗುತ್ತದೆ. ಅಂದರೆ ಉಳಿದ ದಿನಗಳಲ್ಲಿ ಕೆಲಸ ಸಾಗುವುದು ಜನ ಸ್ವಂತ ಬುದ್ಧಿ ಬಳಸುವುದರಿಂದ. ಅದೇ ಬುದ್ಧಿ ಒಂದು ದಿನ ಎಡವಿದರೆ ಅದಕ್ಕೆ 'ಅಶಿಸ್ತು' ಎಂಬ ಹೆಸರು.

ಈ ಮಾತು ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಹಿಂಬದಿಯಲ್ಲಿರುವ ಫ್ಲ್ಯಾಪ್ ಎಂಬ ಹಲಗೆ ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಪೈಲಟ್ ತಪ್ಪು ಎಂದು ದಾಖಲಾಗುತ್ತಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಮನಃಶಾಸ್ತ್ರಜ್ಞ ಕಾಕ್‌ಪಿಟ್ ನೋಡಿದರು. ಎರಡರ ಸ್ವಿಚ್ಚುಗಳೂ ಅಕ್ಕಪಕ್ಕ ಇದ್ದವು, ನೋಡಲೂ ಒಂದೇ ಥರ. ಒಂದಕ್ಕೆ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯ ಆಕಾರ ಕೊಟ್ಟರೆ ಕೈಗೇ ವ್ಯತ್ಯಾಸ ಗೊತ್ತಾಗುತ್ತದೆ. ಪೈಲಟ್‌ಗಳಿಗೆ ಉಪದೇಶ ಬೇಕಾಗಲಿಲ್ಲ.

ಸ್ವಿಚ್ ಬದಲಿಸುವುದು ಸುಲಭ. ಇಡೀ ಕೆಲಸವನ್ನೇ ತಪ್ಪಾಗಿ ತುಂಡುಮಾಡಿದ್ದರೆ ಸರಿಮಾಡುವುದು ಕಷ್ಟ. ಇದಕ್ಕೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹಳೆಯ ಪದ್ಧತಿಯಲ್ಲಿ ತಾವೇ ಆರಿಸಿಕೊಂಡ ಕೆಲವೇ ಮಂದಿ ಸೇರಿ ಒಂದು ಕಡೆ ಅಗೆಯುತ್ತಿದ್ದರು. ಕಡಿಯುವುದು, ತುಂಬುವುದು, ಚಾವಣಿಗೆ ಆನಿಕೆ ಕೊಡುವುದು ಎಲ್ಲವೂ ಅವರದ್ದೇ. ಆಮೇಲೆ ಕಡಿಯುವ ಯಂತ್ರ ಬಂತು, ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಬಂತು. ಕಲ್ಲಿದ್ದಲಿನ ಒಂದು ಉದ್ದನೆಯ ಗೋಡೆಯನ್ನೇ ಒಟ್ಟಿಗೆ ಅಗೆಯುವ ಪದ್ಧತಿ ಶುರುವಾಯಿತು. ಸುಮಾರು 40 ಜನ, ಮೂರು ಪಾಳಿ. ಒಂದು ಪಾಳಿ ಕಡಿಯಬೇಕು, ಇನ್ನೊಂದು ಕನ್ವೇಯರ್ ಸರಿಸಬೇಕು, ಮೂರನೆಯದು ತುಂಬಬೇಕು. ಒಬ್ಬೊಬ್ಬನಿಗೂ ಒಂದೊಂದೇ ಚೂರು ಕೆಲಸ.

ಕಾಗದದ ಮೇಲೆ ಉತ್ಪಾದನೆ ಏರಬೇಕಿತ್ತು, ಅಂದುಕೊಂಡಷ್ಟು ಏರಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಎಂಬ ಸಂಶೋಧನಾ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫರ್ತ್ 1951ರಲ್ಲಿ ಇದರ ಬಗ್ಗೆ ಬರೆದರು. ಬ್ಯಾಮ್‌ಫರ್ತ್ ಸ್ವತಃ ಗಣಿಯಲ್ಲಿ ದುಡಿದವರು, ಆ ಬರಹಕ್ಕೆ ತೂಕ ಬಂದದ್ದೂ ಅದರಿಂದಲೇ. ಹಿಂದಿನ ಪಾಳಿ ಅರ್ಧಂಬರ್ಧ ಮಾಡಿ ಹೋದರೆ ಮುಂದಿನ ಪಾಳಿಯವನ ಕೆಲಸ ಕೆಡುತ್ತಿತ್ತು. ಆದರೆ ಬೈಯೋಣ ಅಂದರೆ ಎದುರಿಗೆ ಅವನೇ ಇಲ್ಲ. ಅವನು ಆಗಲೇ ಮನೆ ಸೇರಿರುತ್ತಿದ್ದ. ಹಾಗಾಗಿ ಪಾಳಿ ಪಾಳಿಗಳ ನಡುವೆ ದೂಷಣೆ ಬೆಳೆಯಿತು, ತನ್ನ ತಲೆ ಉಳಿದರೆ ಸಾಕು ಎಂಬ ನಡವಳಿಕೆ ಬಂತು, ಗೈರುಹಾಜರಿ ಹೆಚ್ಚಿತು. ಹೊಂದಿಕೊಂಡು ಬಾಳುತ್ತಿದ್ದ ಜನರೇ ಇವರು. ಅವರ ಸ್ವಭಾವ ರಾತ್ರೋರಾತ್ರಿ ಬದಲಾಯಿತು ಅಂತ ಹೇಳಲಾಗದು.

ಮುಂದೆ ಡರ್ಹಮ್ ಪ್ರದೇಶದ ಕೆಲವು ಗಣಿಗಳಲ್ಲಿ ಇನ್ನೊಂದು ರೀತಿ ಕಂಡಿತು. ಅದೇ ಯಂತ್ರ, ಅದೇ ಉದ್ದನೆಯ ಗೋಡೆ. ಆದರೆ ಕಡಿಯುವುದರಿಂದ ತುಂಬುವವರೆಗಿನ ಇಡೀ ಕೆಲಸ ಒಂದೇ ದೊಡ್ಡ ತಂಡದ ಹೊಣೆ. ಹಿಂದಿನ ಪಾಳಿ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಮುಂದಿನವರು ಶುರುಮಾಡುತ್ತಿದ್ದರು. ಕೆಲಸ ಬದಲಾಯಿಸಿಕೊಳ್ಳುವುದನ್ನು ತಾವೇ ತೀರ್ಮಾನಿಸುತ್ತಿದ್ದರು, ಸಂಬಳವೂ ತಂಡದ ಲೆಕ್ಕದಲ್ಲಿ. ಹೋಲಿಸಿ ನೋಡಿದಾಗ ಅಲ್ಲಿ ಗೈರುಹಾಜರಿ ಅರ್ಧಕ್ಕಿಂತ ಕಡಿಮೆ ಇತ್ತು, ಉತ್ಪಾದನೆ ಹೆಚ್ಚಿತ್ತು. "ತಂತ್ರಜ್ಞಾನ ಬಂದಮೇಲೆ ಹೀಗೇ ಆಗೋದು" ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಯಂತ್ರ ಒಂದು ನಿರ್ಧಾರ, ಅದರ ಸುತ್ತ ಕೆಲಸ ಹಂಚುವುದು ಬೇರೆಯದೇ ನಿರ್ಧಾರ. ಎರಡನೆಯದನ್ನು ಯಾರೋ ಒಬ್ಬರು ಕೂತು ಮಾಡಿರುತ್ತಾರೆ. ಎಷ್ಟೋ ಸಲ ಯಾರು ಎಂಬುದೂ ನೆನಪಿರುವುದಿಲ್ಲ.

ಅಳತೆಯ ವಿಷಯಕ್ಕೆ ಬಂದರೆ ಇದು ಇನ್ನೂ ಬೇಗ ಕಣ್ಣಿಗೆ ಬೀಳುತ್ತದೆ. ಕಾಲ್ ಸೆಂಟರಿನಲ್ಲಿ ಪ್ರತಿ ಕರೆಗೆ ಇಷ್ಟೇ ನಿಮಿಷ ಎಂದು ಗುರಿ ಇಡಿ. ಆ ಅಂಕಿ ಪರದೆಯ ಮೂಲೆಯಲ್ಲಿ ಸದಾ ಓಡುತ್ತಿರಲಿ. ಕೆಲವೇ ದಿನಗಳಲ್ಲಿ ಕಷ್ಟದ ಕರೆಗಳು ಬೇರೆ ವಿಭಾಗಕ್ಕೆ ಹಾರತೊಡಗುತ್ತವೆ. "ಒಮ್ಮೆ ಆಫ್ ಮಾಡಿ ಆನ್ ಮಾಡಿ, ಆಗದಿದ್ದರೆ ಮತ್ತೆ ಕರೆ ಮಾಡಿ" ಎಂಬ ಉತ್ತರ ಹೆಚ್ಚುತ್ತದೆ. ಗ್ರಾಹಕ ಎರಡನೇ ಸಲ ಕರೆ ಮಾಡಿದಾಗ ಅದು ಇನ್ಯಾರದ್ದೋ ಲೆಕ್ಕಕ್ಕೆ ಹೋಗುತ್ತದೆ. ಮ್ಯಾನೇಜರ್ ಬಂದು ಗ್ರಾಹಕರ ಮೇಲೆ ಇವರಿಗೆ ಕಾಳಜಿಯೇ ಇಲ್ಲ ಅನ್ನುತ್ತಾರೆ. ಕಾಳಜಿ ತೋರಿಸಿದವರ ಹೆಸರು ತಿಂಗಳ ಕೊನೆಗೆ ಕೆಂಪು ಬಣ್ಣದಲ್ಲಿ ಬರುತ್ತದೆ ಎಂಬುದು ಮಾತ್ರ ಅವರಿಗೆ ಹೊಳೆದಿರುವುದಿಲ್ಲ.

ಹಾಗಾದರೆ ಸೋಮಾರಿಗಳು, ಮೈಗಳ್ಳರು ಇಲ್ಲವೇ ಇಲ್ಲವಾ? ಇದ್ದಾರೆ. ನಾನು ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದೇನೆ. ಒಂದೇ ಕೆಲಸದಲ್ಲಿರುವ ಹತ್ತು ಜನರಲ್ಲಿ ಒಬ್ಬರು ಹಾಗೆ ಮಾಡಿದರೆ ಆ ವ್ಯಕ್ತಿಯ ಜೊತೆ ಮಾತಾಡಿ. ಆರು ಜನ ಮಾಡಿದರೆ ಕೆಲಸವನ್ನು ಬಿಚ್ಚಿ ನೋಡಿ. ಹಳಬರು ಹೋಗಿ ಹೊಸಬರು ಬಂದಮೇಲೂ ಅದೇ ದೂರು ಕೇಳಿಬಂದರೆ ಇನ್ನು ಅನುಮಾನವೇ ಬೇಡ.

ಬಿಚ್ಚಿ ನೋಡುವಾಗ ಏನನ್ನು ಹುಡುಕಬೇಕು ಎನ್ನುವುದಕ್ಕೆ ಅಮೆರಿಕದ ಸಂಶೋಧಕರಾದ ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ 1970ರ ದಶಕದಲ್ಲಿ ಕೊಟ್ಟ ಚೌಕಟ್ಟು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಕೆಲಸದಲ್ಲಿ ವೈವಿಧ್ಯ ಇದೆಯಾ, ಆದಿಯಿಂದ ಅಂತ್ಯದವರೆಗೆ ಕೈಯಲ್ಲಿದೆಯಾ, ಅದರಿಂದ ಯಾರಿಗಾದರೂ ಉಪಯೋಗ ಆಗುವುದು ಕಾಣುತ್ತಾ, ಹೇಗೆ ಮಾಡಬೇಕೆಂದು ತಾನೇ ತೀರ್ಮಾನಿಸಬಹುದಾ, ಸರಿ ಆಯಿತೋ ಇಲ್ಲವೋ ಎಂದು ಕೆಲಸದಿಂದಲೇ ತಿಳಿಯುತ್ತಾ. ಸಂಸ್ಥೆಗಳು ಇದರಲ್ಲಿ 'ವೈವಿಧ್ಯ'ವನ್ನು ಮಾತ್ರ ಬೇಗ ಹಿಡಿದುಕೊಳ್ಳುತ್ತವೆ. ಯಾಕಂದ್ರೆ ಅದರ ಹೆಸರಲ್ಲಿ ಇನ್ನೂ ಎರಡು ಕೆಲಸ ಸುಮ್ನೆ ಹೇರಬಹುದು. ತೀರ್ಮಾನ ಬಿಟ್ಟುಕೊಡುವ ಮಾತು ಬಂದಾಗ ಸಭೆ ಮುಂದಕ್ಕೆ ಹೋಗುತ್ತದೆ. ಆದರೆ ಭಾರ ಹೆಚ್ಚಿಸಿ ಹಿಡಿತ ಕೊಡದಿರುವುದೇ ಎಲ್ಲಕ್ಕಿಂತ ಕೆಟ್ಟ ಜೋಡಿ. ರಾಬರ್ಟ್ ಕರಾಸೆಕ್ 1979ರಲ್ಲಿ ಇದನ್ನು ತೋರಿಸಿದರು. ಬ್ರಿಟಿಷ್ ಸರ್ಕಾರಿ ನೌಕರರ ಮೇಲೆ ನಡೆದ ವೈಟ್‌ಹಾಲ್ ಅಧ್ಯಯನಗಳಲ್ಲಿ ಕೆಲಸದ ಮೇಲೆ ಹಿಡಿತ ಕಡಿಮೆ ಇರುವುದಕ್ಕೂ ಹೃದಯದ ಕಾಯಿಲೆಗೂ ನಂಟು ಕಂಡಿದೆ.

ಈಗ ಎಲ್ಲೆಡೆ ಬರುತ್ತಿರುವ ಎಐ ಬಗ್ಗೆ ಒಂದು ಮಾತು. ಹೆಚ್ಚಿನ ಕಡೆ ಯೋಜನೆ ಒಂದೇ: ಯಂತ್ರ ಕರಡು ಮಾಡುತ್ತದೆ, ಮನುಷ್ಯ ಪರಿಶೀಲಿಸುತ್ತಾನೆ. ಕೇಳಲು ಸುರಕ್ಷಿತವಾಗಿದೆ. ಆದರೆ ಅಪರೂಪಕ್ಕೆ ಬರುವ ತಪ್ಪಿಗಾಗಿ ಕಣ್ಣಿಟ್ಟು ಕಾಯುವುದರಲ್ಲಿ ಮನುಷ್ಯ ತುಂಬಾ ದುರ್ಬಲ. ಯುದ್ಧಕಾಲದಲ್ಲಿ ರೇಡಾರ್ ಸಿಬ್ಬಂದಿ ಪರದೆಯ ಗುರುತುಗಳನ್ನು ಗಮನಿಸದೆ ಬಿಡುತ್ತಿದ್ದ ಸಮಸ್ಯೆ ಹಿಡಿದು ಹೊರಟ ಮನಃಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿದ್ದರು. ಮುಳ್ಳು ಪ್ರತಿ ಸೆಕೆಂಡಿಗೆ ಒಂದು ಹೆಜ್ಜೆ ಹಾಕುತ್ತದೆ, ಎಲ್ಲೋ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಆ ಜಿಗಿತವನ್ನು ಗುರುತಿಸಬೇಕು. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನ ಅದನ್ನು ಗಮನಿಸದೆ ಬಿಡುವುದು ಹೆಚ್ಚತೊಡಗಿತು. ಇದು 1948ರಲ್ಲಿ ಪ್ರಕಟವಾಯಿತು. 1983ರಲ್ಲಿ ಲಿಸಾನ್ ಬೇನ್‌ಬ್ರಿಜ್ ಎಂಬ ಮನಃಶಾಸ್ತ್ರಜ್ಞೆ ಇನ್ನೊಂದು ತೊಡಕು ತೋರಿಸಿದರು. ದಿನವೂ ಕೆಲಸ ಯಂತ್ರದ್ದೇ ಆದರೆ ಮನುಷ್ಯನ ಕೈ ಪಳಗುವುದು ನಿಲ್ಲುತ್ತದೆ. ಯಂತ್ರ ಕೈಕೊಟ್ಟ ದಿನ ಮಾತ್ರ ಅವನು ಎಂದಿಗಿಂತ ಚುರುಕಾಗಿರಬೇಕು.

ಹಾಗಾಗಿ ನನ್ನನ್ನು ಕೇಳಿದರೆ ಆದಷ್ಟೂ ತಿರುಗಿಸಿ ಎನ್ನುತ್ತೇನೆ: ಕೆಲಸ ಮನುಷ್ಯ ಮಾಡಲಿ, ತಪ್ಪು ಹುಡುಕುವುದು ಯಂತ್ರಕ್ಕಿರಲಿ. ಒಪ್ಪುವವರು ಕಡಿಮೆ, ಉಳಿತಾಯದ ಲೆಕ್ಕ ಆ ಕಡೆ ಇರುವುದಿಲ್ಲವಲ್ಲ. ಪರಿಶೀಲನೆಯೇ ಮನುಷ್ಯನ ಪಾಲಿಗೆ ಬಂದರೆ ವಿಮಾನ ನಿಲ್ದಾಣಗಳ ಎಕ್ಸ್‌ರೇ ವಿಭಾಗದಿಂದ ಒಂದು ಉಪಾಯ ಎರವಲು ಪಡೆಯಿರಿ. ಅಲ್ಲಿ ಬ್ಯಾಗಿನ ಚಿತ್ರದೊಳಗೆ ಆಗಾಗ ಸುಳ್ಳು ಆಯುಧದ ಚಿತ್ರವನ್ನು ಕಂಪ್ಯೂಟರೇ ಸೇರಿಸುತ್ತದೆ. ಗುರುತಿಸಿದರೂ, ಬಿಟ್ಟರೂ ಆಗಲೇ ಗೊತ್ತಾಗುತ್ತದೆ. ನಿಮ್ಮಲ್ಲಿಯೂ ಗೊತ್ತಿರುವ ಕೆಲವು ತಪ್ಪುಗಳನ್ನು ಬೇಕೆಂದೇ ಸೇರಿಸಿ, ಜನರಿಗೆ ಮೊದಲೇ ಹೇಳಿಯೇ ಸೇರಿಸಿ. ಪರಿಶೀಲಿಸುವವರನ್ನು ಅರ್ಧ ಗಂಟೆಗೊಮ್ಮೆ ಬದಲಾಯಿಸಿ. ಯಾರು ಎಷ್ಟು ಬಿಟ್ಟರು ಎಂಬ ಆ ಅಂಕಿಯನ್ನು ಮಾತ್ರ ಸಂಬಳದ ಹೆಚ್ಚಳಕ್ಕೆ ಜೋಡಿಸಬೇಡಿ. ಜೋಡಿಸಿದರೆ ಸಿಬ್ಬಂದಿ ನೀವು ಹಾಕಿದ ತಪ್ಪುಗಳನ್ನು ಗುರುತಿಸುವುದನ್ನು ಚೆನ್ನಾಗಿ ಕಲಿಯುತ್ತಾರೆ, ನಿಜವಾದವು ಹಾಗೇ ಹೋಗುತ್ತವೆ.