ಮಾರಿಬೊರ್ ಕ್ಲಬ್‌ನ ಸೀಸನ್‌ವಾರು ದಾಖಲೆ: ಒಂದೊಂದು ಸಾಲನ್ನೂ ಓದುವ ಬಗೆ

80 ಅಂಕ. ಸ್ಲೊವೇನಿಯಾದ ಮೊದಲ ದರ್ಜೆ ಫುಟ್‌ಬಾಲ್ ಲೀಗ್‌ನಲ್ಲಿ 1991–92ರಲ್ಲಿ ಒಂದು ತಂಡ ಇಷ್ಟು ಅಂಕ ಗಳಿಸಬೇಕೆಂದರೆ ಆಡಿದ ಎಲ್ಲ ಪಂದ್ಯಗಳನ್ನೂ ಗೆಲ್ಲಬೇಕಿತ್ತು. 2017–18ರಲ್ಲಿ ಅಲ್ಲಿನ ಮಾರಿಬೊರ್ ಕ್ಲಬ್ ಗಳಿಸಿದ್ದು ಇದೇ 80 ಅಂಕ, ಆದರೆ ಪ್ರಶಸ್ತಿ ಸಿಗಲಿಲ್ಲ. ಕ್ಲಬ್‌ನ ಸೀಸನ್‌ವಾರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಸುಮ್ಮನೆ ಓದುತ್ತಾ ಹೋದರೆ ಎಲ್ಲಿ ಎಡವುತ್ತೇವೆ ಎಂಬುದು ಈ ಒಂದೇ ಸಂಖ್ಯೆಯಿಂದ ಗೊತ್ತಾಗುತ್ತದೆ. ಪಟ್ಟಿಯ ಪ್ರತಿ ಸಾಲಿನ ಹಿಂದೆ ಆ ವರ್ಷದ ಲೀಗ್‌ನ ನಿಯಮಗಳಿರುತ್ತವೆ. ಅವು ಗೊತ್ತಿಲ್ಲದಿದ್ದರೆ ಅಂಕಿಗಳು ಏನೂ ಹೇಳುವುದಿಲ್ಲ.

ಮೊದಲು ಲೀಗ್‌ನ ಅಳತೆ

ಸ್ಲೊವೇನಿಯಾ ಸ್ವತಂತ್ರವಾದದ್ದು 1991ರಲ್ಲಿ. ಅದೇ ವರ್ಷ ಶುರುವಾದ ಮೊದಲ ಲೀಗ್‌ನಲ್ಲಿ 21 ತಂಡಗಳಿದ್ದವು. ಪ್ರತಿ ತಂಡ ಉಳಿದ 20 ತಂಡಗಳ ಜೊತೆ ತಲಾ ಎರಡು ಸಲ ಆಡಿತು, ಅಂದರೆ 40 ಪಂದ್ಯ. ಆಗ ಗೆಲುವಿಗೆ 2 ಅಂಕ, ಡ್ರಾಗೆ 1. ಗರಿಷ್ಠ 80 ಎಂಬ ಲೆಕ್ಕ ಬಂದದ್ದು ಹೀಗೆ. ಮರು ವರ್ಷ ತಂಡಗಳು 18ಕ್ಕೆ ಇಳಿದವು (34 ಪಂದ್ಯ), ಅದರ ನಂತರದ ಎರಡು ಸೀಸನ್‌ಗಳಲ್ಲಿ 16 ತಂಡ, 30 ಪಂದ್ಯ.

ದೊಡ್ಡ ಬದಲಾವಣೆ ಆದದ್ದು 1995–96ರಲ್ಲಿ. ತಂಡಗಳು 10 ಆದವು, ಒಬ್ಬರೊಡನೊಬ್ಬರು ನಾಲ್ಕು ಸಲ ಆಡುವ ಪದ್ಧತಿ ಬಂತು, ಗೆಲುವಿಗೆ 3 ಅಂಕ ಆಯಿತು. 36 ಪಂದ್ಯ, ಗರಿಷ್ಠ 108. 1998–99ರಿಂದ 12 ತಂಡ, ಮೂರು ಸಲದ ಮುಖಾಮುಖಿ, 33 ಪಂದ್ಯ. 2003–04 ಮತ್ತು 2004–05ರಲ್ಲಿ 22 ಪಂದ್ಯಗಳಾದ ಮೇಲೆ ಪಟ್ಟಿಯನ್ನು ಮೇಲಿನ ಆರು, ಕೆಳಗಿನ ಆರು ಎಂದು ಸೀಳಿ, ಆಯಾ ಗುಂಪಿನೊಳಗೆ ಇನ್ನೂ 10 ಪಂದ್ಯ ಆಡಿಸಿದರು, ಒಟ್ಟು 32. ಆಮೇಲೆ 2005–06ರಿಂದ ಮತ್ತೆ 10 ತಂಡ, 36 ಪಂದ್ಯ.

ಮೂರು ಸಲ ಆಡುವ ಪದ್ಧತಿಯಲ್ಲಿ ಒಂದು ಕೊಂಕಿದೆ. 33 ಬೆಸ ಸಂಖ್ಯೆಯಾದ್ದರಿಂದ ತವರಿನ ಪಂದ್ಯ ಒಬ್ಬರಿಗೆ 17 ಸಿಕ್ಕರೆ ಮತ್ತೊಬ್ಬರಿಗೆ 16. ಹಾಗಾಗಿ ಆ ಐದು ಸೀಸನ್‌ಗಳಲ್ಲಿ 'ತವರಿನಲ್ಲಿ ಗಳಿಸಿದ ಅಂಕ' ಎಂಬ ಕಾಲಂ ಇಟ್ಟುಕೊಂಡು ಎರಡು ತಂಡಗಳನ್ನು ಹೋಲಿಸಲು ಹೋಗಬೇಡಿ. ಸೀಳಿದ ಎರಡು ಸೀಸನ್‌ಗಳಲ್ಲಿ ಇನ್ನೊಂದು ವಿಚಿತ್ರ: ಗುಂಪು ಬೇರೆಯಾದ ಮೇಲೆ ಏಳನೆಯ ತಂಡ ಎಷ್ಟೇ ಅಂಕ ಗಳಿಸಿದರೂ ಆರನೆಯ ಸ್ಥಾನಕ್ಕೆ ಏರುವಂತಿಲ್ಲ. 7ನೇ ಸ್ಥಾನದವರ ಅಂಕ 6ನೇ ಸ್ಥಾನದವರಿಗಿಂತ ಜಾಸ್ತಿ ಕಂಡರೆ ಅಚ್ಚಿನ ತಪ್ಪು ಎಂದು ತಿದ್ದಲು ಹೊರಡಬಾರದು.

ಹೋಲಿಸುವುದಾದರೆ ಲೆಕ್ಕ ಹೀಗೆ

1995ಕ್ಕಿಂತ ಮೊದಲಿನ ಸಾಲನ್ನು ಈಗಿನ ಅಳತೆಗೆ ತರಲು ಸುಲಭದ ದಾರಿ ಇದೆ: ಹಳೆಯ ಅಂಕಕ್ಕೆ ಗೆಲುವುಗಳ ಸಂಖ್ಯೆಯನ್ನು ಕೂಡಿಸಿ. ಅಭ್ಯಾಸಕ್ಕೆಂದು ಒಂದು ಸಾಲು ನಾವೇ ಮಾಡಿಕೊಳ್ಳೋಣ: 30 ಪಂದ್ಯ, 18 ಗೆಲುವು, 8 ಡ್ರಾ, 4 ಸೋಲು. ಹಳೆಯ ಪದ್ಧತಿಯಲ್ಲಿ 36 + 8 = 44 ಅಂಕ. ಅದಕ್ಕೆ 18 ಕೂಡಿಸಿದರೆ 62. ಇದನ್ನು 30ರಿಂದ ಭಾಗಿಸಿದರೆ ಪಂದ್ಯಕ್ಕೆ 2.07 ಅಂಕ. ಮಾರಿಬೊರ್‌ನ 2017–18ರ 80 ಅಂಕವನ್ನು 36ರಿಂದ ಭಾಗಿಸಿದರೆ 2.22. ಅದೇ ವೇಗದಲ್ಲಿ 33 ಪಂದ್ಯಗಳ ಸೀಸನ್ ಆಡಿದ್ದರೆ ಸುಮಾರು 73 ಅಂಕ ಬರುತ್ತಿತ್ತು. ಹೋಲಿಕೆಗೆ ಉಳಿಯುವ ಸಂಖ್ಯೆ ಈ ಪಂದ್ಯವಾರು ಸರಾಸರಿ ಒಂದೇ.

ಆದರೂ ಇದು ಅಂದಾಜು ಹೋಲಿಕೆ. ಗೆಲುವಿಗೆ ಎರಡೇ ಅಂಕ ಇದ್ದ ಕಾಲದಲ್ಲಿ ಹೊರಗಿನ ಮೈದಾನದಲ್ಲಿ ಡ್ರಾ ಮಾಡಿಕೊಂಡು ಬಂದರೆ ಒಳ್ಳೆಯ ಸಂಪಾದನೆಯೇ. ಮೂರು ಅಂಕ ಬಂದ ಮೇಲೆ ಅದೇ ಡ್ರಾ ಎರಡು ಅಂಕದ ನಷ್ಟ. ತಂಡಗಳು ಆಡುವ ರೀತಿಯೇ ಬೇರೆಯಾಗಿರುವಾಗ ದಶಾಂಶದ ಎರಡನೆಯ ಸ್ಥಾನದ ಮೇಲೆ ವಾದ ಹೂಡುವುದರಲ್ಲಿ ಅರ್ಥವಿಲ್ಲ.

ಸಾಲು ಸರಿಯಿದೆಯೇ ಎಂದು ನೋಡಲು ಗೆಲುವು, ಡ್ರಾ, ಸೋಲು ಕೂಡಿಸಿ. ಆಡಿದ ಪಂದ್ಯಗಳ ಸಂಖ್ಯೆ ಬರಬೇಕು. ಗೆಲುವನ್ನು ಮೂರರಿಂದ (1995–96ಕ್ಕಿಂತ ಮೊದಲಿನ ಸಾಲಾದರೆ ಎರಡರಿಂದ) ಗುಣಿಸಿ ಡ್ರಾ ಕೂಡಿಸಿ, ಅಂಕ ಬರಬೇಕು. ಇಡೀ ಲೀಗ್‌ನ ಪಟ್ಟಿ ಕೈಯಲ್ಲಿದ್ದರೆ ಎಲ್ಲ ತಂಡಗಳು ಹೊಡೆದ ಗೋಲುಗಳ ಮೊತ್ತವೂ ಬಿಟ್ಟುಕೊಟ್ಟ ಗೋಲುಗಳ ಮೊತ್ತವೂ ಒಂದೇ ಆಗಿರಬೇಕು. ಅಂಕ ಮಾತ್ರ ತಾಳೆಯಾಗದಿದ್ದರೆ ಶಿಸ್ತುಕ್ರಮವಾಗಿ ಅಂಕ ಕಡಿತವಾಗಿದೆಯೇ ನೋಡಿ. ಗೋಲುಗಳು ತಾಳೆಯಾಗದಿದ್ದರೆ ಆಡದೆ ಬಿಟ್ಟ ಪಂದ್ಯಕ್ಕೆ 3–0 ಎಂದು ಫಲಿತಾಂಶ ಕೊಟ್ಟದ್ದನ್ನು ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟಿರಬಹುದು.

ಅಂಕ ಸಮವಾದರೆ

ಇನ್ನು ಆ 80ರ ಕಥೆ. 2017–18ರ ಕೊನೆಗೆ ಒಲಿಂಪಿಯಾ ಲ್ಯುಬ್ಲಿಯಾನಾದ ಅಂಕವೂ 80. ಗೋಲು ವ್ಯತ್ಯಾಸ ನೋಡಿ ತೀರ್ಮಾನ ಮಾಡಿರಬೇಕು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಇಲ್ಲಿ ಮೊದಲು ನೋಡುವುದು ಆ ಎರಡೇ ತಂಡಗಳ ನಡುವಿನ ಪಂದ್ಯಗಳ ಫಲಿತಾಂಶ. ನಾಲ್ಕು ಸಲ ಆಡುವ ಲೀಗ್‌ನಲ್ಲಿ ಆ ನಾಲ್ಕೇ ಪಂದ್ಯಗಳದ್ದು ಒಂದು ಪುಟ್ಟ ಪಟ್ಟಿಯಾಗುತ್ತದೆ. ಅದರಲ್ಲಿ ಮುಂದಿದ್ದ ಒಲಿಂಪಿಯಾ ಚಾಂಪಿಯನ್ ಆಯಿತು. ಐಪಿಎಲ್ ನೋಡಿ ಬೆಳೆದವರಿಗೆ ಇನ್ನೊಂದು ಮಾತು: ಇಲ್ಲಿ ಪ್ರಶಸ್ತಿಗೆ ಪ್ಲೇ ಆಫ್ ಇಲ್ಲ, ಫೈನಲ್ ಇಲ್ಲ. ಪಟ್ಟಿಯ ಮೊದಲನೆಯವರೇ ಚಾಂಪಿಯನ್. ಒಮ್ಮೊಮ್ಮೆ ಕೊನೆಯ ಸುತ್ತೇ ಫೈನಲ್‌ನಂತಾಗುತ್ತದೆ ಅಷ್ಟೇ. 2020–21ರ ಕೊನೆಯ ದಿನ ಮುರಾ ತಂಡ ಮಾರಿಬೊರ್‌ನ ಸ್ವಂತ ಲ್ಯುದ್ಸ್ಕಿ ವರ್ತ್ ಮೈದಾನದಲ್ಲೇ 3–1ರಿಂದ ಗೆದ್ದು ಪ್ರಶಸ್ತಿ ಒಯ್ದಿತು.

ಯಾವ ಕ್ಲಬ್, ಯಾವ ಹೆಸರು

ಲೆಕ್ಕಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿಯೇ.

ಮಾರಿಬೊರ್ ಕ್ಲಬ್ ಹುಟ್ಟಿದ್ದು 1960ರ ಡಿಸೆಂಬರ್ 12ರಂದು. ಅದಕ್ಕೂ ಮೊದಲು ಆ ಊರಲ್ಲಿ ಬ್ರಾನಿಕ್ ಎಂಬ ತಂಡ ಇತ್ತು. ಅದು ಮುಚ್ಚಿದ ವರ್ಷವೇ ಇದು ಶುರುವಾಯಿತು. ಮುಂದೆ ಮಾರಿಬೊರ್ ತಾನೇ ಕೆಲಕಾಲ 'ಮಾರಿಬೊರ್ ಬ್ರಾನಿಕ್' ಎಂಬ ಹೆಸರಲ್ಲಿ ಆಡಿದ್ದರಿಂದ ಹಳೆಯ ಬ್ರಾನಿಕ್‌ನ ಸೀಸನ್‌ಗಳನ್ನೂ ಇದೇ ಪಟ್ಟಿಗೆ ಅಂಟಿಸುವವರಿದ್ದಾರೆ. ಅಂಟಿಸಬಾರದು. ಪ್ರಾಯೋಜಕರ ಹೆಸರು ಹೊತ್ತ 'ಮಾರಿಬೊರ್ ಪಿವೊವಾರ್ನಾ ಲಾಶ್ಕೊ' ಮಾತ್ರ ಇದೇ ಕ್ಲಬ್, ಹೆಸರಲ್ಲಿ ಬಿಯರ್ ಕಂಪನಿ ಸೇರಿಕೊಂಡಿದೆ ಅಷ್ಟೇ. ಹಾಗೆಯೇ ಹಳೆಯ ಪಟ್ಟಿಯ 'ಪಬ್ಲಿಕುಮ್' ಅಂದರೆ ತ್ಸೆಲ್ಯೆ, 'ಹಿಟ್ ಗೊರಿತ್ಸಾ' ಅಂದರೆ ಗೊರಿತ್ಸಾ.

ಒಲಿಂಪಿಯಾ ವಿಷಯದಲ್ಲಿ ಹಾಗಲ್ಲ. 1992ರಿಂದ 1995ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದ ಒಲಿಂಪಿಯಾ ಸಾಲಕ್ಕೆ ಸಿಕ್ಕಿ ಮುಚ್ಚಿಹೋಯಿತು. ಈಗಿನ ಒಲಿಂಪಿಯಾ 2005ರಲ್ಲಿ ಬೆಜಿಗ್ರಾದ್ ಎಂಬ ಹೆಸರಿನಿಂದ ಕೆಳದರ್ಜೆಯಲ್ಲಿ ಆರಂಭಿಸಿ ಮೇಲೆ ಬಂದ ಕ್ಲಬ್. ಅಭಿಮಾನಿಗಳು ಎರಡೂ ಒಂದೇ ಅಂದರೂ ಸ್ಲೊವೇನಿಯಾದ ಫುಟ್‌ಬಾಲ್ ಸಂಸ್ಥೆ ಹಳೆಯ ಪ್ರಶಸ್ತಿಗಳನ್ನು ಹೊಸದಕ್ಕೆ ಸೇರಿಸುವುದಿಲ್ಲ. ಮುರಾ ಇನ್ನೂ ಸಿಕ್ಕು: ಆ ಹೆಸರಿನಲ್ಲಿ ಒಂದಾದ ಮೇಲೊಂದರಂತೆ ಮೂರು ಕ್ಲಬ್‌ಗಳು ಬಂದಿವೆ. 1995ರ ಕಪ್ (ಲೀಗ್‌ನಿಂದ ಬೇರೆಯಾದ, ಸೋತವರು ಹೊರಬೀಳುವ ಟೂರ್ನಿ) ಮೊದಲನೆಯದರದ್ದು, 2020ರ ಕಪ್ ಮತ್ತು 2021ರ ಲೀಗ್ ಪ್ರಶಸ್ತಿ ಮೂರನೆಯದರದ್ದು.

1991ಕ್ಕಿಂತ ಹಿಂದಿನ ಸಾಲುಗಳಲ್ಲಿ 'ದರ್ಜೆ' ಎಂಬ ಕಾಲಂ ಬಿಡಲೇಬೇಡಿ. ಆಗ ಇದ್ದದ್ದು ಯುಗೊಸ್ಲಾವಿಯಾದ ಲೀಗ್ ಏಣಿ. ಸ್ಲೊವೇನಿಯಾ ಗಣರಾಜ್ಯದ ಲೀಗ್ ಅದರ ಕೆಳಗಿನ ಮೆಟ್ಟಿಲು. ಮಾರಿಬೊರ್ ತನ್ನ ಮೊದಲ ಸೀಸನ್ 1960–61ರಲ್ಲೇ ಈ ಗಣರಾಜ್ಯ ಲೀಗ್ ಗೆದ್ದಿತು. ಹಾಗೆಂದು ಅದನ್ನು ಇಂದಿನ ರಾಷ್ಟ್ರೀಯ ಪ್ರಶಸ್ತಿಗಳ ಜೊತೆ ಎಣಿಸುವುದಿಲ್ಲ. ಯುಗೊಸ್ಲಾವಿಯಾದ ಮೊದಲ ದರ್ಜೆಯಲ್ಲಿ ಅದು ಆಡಿದ್ದು ಐದೇ ಸೀಸನ್: 1967–68ರಿಂದ 1971–72. ರೆಡ್ ಸ್ಟಾರ್, ಪಾರ್ಟಿಜಾನ್, ಹಾಯ್ದುಕ್ ಸ್ಪ್ಲಿಟ್ ಎದುರಾಳಿಗಳಾಗಿದ್ದ ಆ ಲೀಗ್‌ನ ಮಧ್ಯದ ಸ್ಥಾನ, ಇಂದಿನ ಹತ್ತು ತಂಡಗಳ ಲೀಗ್‌ನ ಎರಡನೇ ಸ್ಥಾನಕ್ಕಿಂತ ತೂಕದ್ದು ಎಂಬುದು ನಮ್ಮ ಅಭಿಪ್ರಾಯ.

ಪ್ರಶಸ್ತಿಗಳು

ಲೀಗ್ 16 ಸಲ: 1997ರಿಂದ 2003ರವರೆಗೆ ಸತತ ಏಳು, 2009, ಮತ್ತೆ 2011ರಿಂದ 2015ರವರೆಗೆ ಸತತ ಐದು, ಆಮೇಲೆ 2017, 2019, 2022. ಇವು ಸೀಸನ್ ಮುಗಿದ ವರ್ಷಗಳು; 1997 ಅಂದರೆ 1996–97. ಕಪ್ 9 ಸಲ: 1992, 1994, 1997, 1999, 2004, 2010, 2012, 2013, 2016. ಮೊದಲ ಏಳರ ಸರಣಿಯ ಆರಂಭಕ್ಕೆ ತರಬೇತುದಾರ ಬೊಯಾನ್ ಪ್ರಾಶ್ನಿಕರ್. 2008ರಲ್ಲಿ ಬಂದ ದಾರ್ಕೊ ಮಿಲಾನಿಚ್ 2009, 2011, 2012, 2013ರ ಲೀಗ್ ಗೆಲ್ಲಿಸಿ ಹೋದರು, ಮತ್ತೆ ಮರಳಿ 2017 ಮತ್ತು 2019ರಲ್ಲೂ ಗೆಲ್ಲಿಸಿದರು. 1991ರಿಂದ ಒಂದು ಸಲವೂ ಮೊದಲ ದರ್ಜೆಯಿಂದ ಕೆಳಗಿಳಿಯದ ಕ್ಲಬ್‌ಗಳು ಎರಡೇ: ಮಾರಿಬೊರ್ ಮತ್ತು ತ್ಸೆಲ್ಯೆ.

ಯುರೋಪ್ ಕಾಲಂ

ಯುರೋಪ್‌ನ ಟೂರ್ನಿ ಆಡುವುದು ಅರ್ಹತೆ ಗಳಿಸಿದ ಮರು ಸೀಸನ್‌ನಲ್ಲಿ. 1992ರ ಕಪ್ ಗೆದ್ದದ್ದಕ್ಕೆ ಯುರೋಪ್‌ನ ಕಪ್ ವಿಜೇತರ ಟೂರ್ನಿಯಾದ ಕಪ್ ವಿನ್ನರ್ಸ್ ಕಪ್‌ಗೆ ಇಳಿದದ್ದು 1992–93ರ ಸಾಲಿನಲ್ಲಿ. ಆದ್ದರಿಂದ ಒಂದು ಸಾಲಿನಲ್ಲಿ ಲೀಗ್‌ನ ಮೊದಲ ಸ್ಥಾನ ಮತ್ತು ಚಾಂಪಿಯನ್ಸ್ ಲೀಗ್ ಎರಡೂ ಕಂಡರೆ, ಚಾಂಪಿಯನ್ಸ್ ಲೀಗ್‌ಗೆ ಕಾರಣ ಅದರ ಮೇಲಿನ ಸಾಲು.

ಒಂದೇ ಸೀಸನ್‌ಗೆ ಎರಡು ಟೂರ್ನಿಗಳ ಹೆಸರಿದ್ದರೂ ಗಲಿಬಿಲಿ ಬೇಡ. 2011–12ರಲ್ಲಿ ಮಾರಿಬೊರ್ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಮಕ್ಕಾಬಿ ಹೈಫಾಗೆ ಸೋತು ಅದಕ್ಕಿಂತ ಕೆಳಗಿನ ಟೂರ್ನಿಯಾದ ಯುರೋಪಾ ಲೀಗ್‌ಗೆ ಜಾರಿತು. ಅಲ್ಲಿ ಗ್ಲಾಸ್ಗೋದ ರೇಂಜರ್ಸ್ ತಂಡವನ್ನು ಮನೆಗೆ ಕಳಿಸಿ ಗುಂಪು ಹಂತ ತಲುಪಿತು. 2013–14ರಲ್ಲಿ ಇದೇ ದಾರಿಯಲ್ಲಿ ಯುರೋಪಾ ಲೀಗ್‌ನ 32ರ ಘಟ್ಟದವರೆಗೆ ಹೋಗಿ ಸೆವಿಯಾಗೆ ಸೋತಿತು. 2006ರ ಸಾಲಿನ 'ಇಂಟರ್‌ಟೊಟೊ ವಿಜೇತ' (ಬೇಸಿಗೆಯಲ್ಲಿ ನಡೆಯುತ್ತಿದ್ದ ಯುರೋಪ್‌ನ ಟೂರ್ನಿ) ನೋಡಿ ಹಿಗ್ಗುವ ಮುನ್ನ ಒಂದು ತಿಳಿದಿರಲಿ: ಆ ವರ್ಷ ಹಾಗೆ ವಿಜೇತರೆನಿಸಿದವರು 11 ತಂಡಗಳು. ಆದರೂ ಸ್ಪೇನ್‌ನ ವಿಯಾರಿಯಾಲ್ ತಂಡವನ್ನು ಹೊರಹಾಕಿದ್ದು ಸಣ್ಣ ಮಾತಲ್ಲ.

ಚಾಂಪಿಯನ್ಸ್ ಲೀಗ್‌ನ ಗುಂಪು ಹಂತ ಮೂರು ಸಲ: 1999–2000, 2014–15, 2017–18. ಮೂರನೆಯದರ ಪ್ಲೇ ಆಫ್, ಅಂದರೆ ಕೊನೆಯ ಅರ್ಹತಾ ಸುತ್ತಿನ ಸಾಲನ್ನು ಹತ್ತಿರದಿಂದ ನೋಡಿ. ಹಾಪೋಯೆಲ್ ಬೇರ್ ಶೆವಾ ವಿರುದ್ಧ ಹೊರಗೆ 1–2, ತವರಿನಲ್ಲಿ 1–0, ಒಟ್ಟು 2–2. ಪೆನಾಲ್ಟಿ ಇಲ್ಲದೆ ಮಾರಿಬೊರ್ ಮುಂದೆ ಹೋದದ್ದು ಹೇಗೆ? ಹೊರಗಿನ ಮೈದಾನದಲ್ಲಿ ಹೊಡೆದ ಆ ಒಂದು ಗೋಲಿನಿಂದ. ಒಟ್ಟು ಗೋಲು ಸಮವಾದರೆ ಹೊರಗೆ ಹೆಚ್ಚು ಗೋಲು ಹೊಡೆದವರು ಮುಂದೆ ಹೋಗುವ ನಿಯಮ ಆಗ ಇತ್ತು, 2021ರಲ್ಲಿ ಅದನ್ನು ತೆಗೆದುಹಾಕಿದರು. ಈಗಿನ ನಿಯಮ ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಸಾಲು ಓದಿದರೆ ಲೆಕ್ಕ ತಪ್ಪಿದಂತೆ ಕಾಣುತ್ತದೆ. ಅದೇ ಗುಂಪು ಹಂತದಲ್ಲಿ ಲಿವರ್‌ಪೂಲ್ ಲ್ಯುದ್ಸ್ಕಿ ವರ್ತ್‌ಗೆ ಬಂದು 7–0ರಿಂದ ಬಾರಿಸಿ ಹೋಯಿತು. ಆದರೂ ಸ್ಪಾರ್ಟಕ್ ಮಾಸ್ಕೊ ಜೊತೆ ಎರಡು, ಸೆವಿಯಾ ಜೊತೆ ಒಂದು ಡ್ರಾ ಮಾಡಿಕೊಂಡು ಮಾರಿಬೊರ್ ಗಳಿಸಿದ್ದು 3 ಅಂಕ. 2014–15ರಲ್ಲೂ ಚೆಲ್ಸಿ, ಶಾಲ್ಕೆ, ಸ್ಪೋರ್ಟಿಂಗ್ ಜೊತೆ ತಲಾ ಒಂದು ಡ್ರಾ, ಅದೇ 3 ಅಂಕ. ಗುಂಪು ಹಂತದ ಪಂದ್ಯ ಗೆದ್ದದ್ದು 1999–2000ರಲ್ಲಿ ಮಾತ್ರ, ಡೈನಮೊ ಕೀವ್ ವಿರುದ್ಧ, ಅದೂ ಅವರದೇ ಊರಿನಲ್ಲಿ 1–0.

ಕೊನೆಯ ಕಾಲಂ: ಹೆಚ್ಚು ಗೋಲು

ಇಲ್ಲಿ ಬರೆಯುವುದು ಸಾಮಾನ್ಯವಾಗಿ ಲೀಗ್‌ನ ಗೋಲುಗಳು ಮಾತ್ರ. ಕಪ್, ಯುರೋಪ್ ಸೇರುವುದಿಲ್ಲ. ನಿಮ್ಮ ಪಟ್ಟಿಯ ತಲೆಯಲ್ಲೇ ಇದನ್ನು ನಮೂದಿಸಿ, ಎರಡನ್ನೂ ಬೆರೆಸಬೇಡಿ. ಬ್ರೆಜಿಲ್‌ನ ಮಾರ್ಕೋಸ್ ತವಾರೆಸ್ 2008ರಿಂದ 2022ರವರೆಗೆ ಮಾರಿಬೊರ್‌ಗೆ ಆಡಿ ಸ್ಲೊವೇನಿಯಾ ಲೀಗ್‌ನಲ್ಲಿ 159 ಗೋಲು ಹೊಡೆದ, ಅದು ಲೀಗ್‌ನ ದಾಖಲೆ. 2014ರ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಸೆಲ್ಟಿಕ್ ವಿರುದ್ಧ 1–0ರಿಂದ ಗೆಲ್ಲಿಸಿ ತಂಡವನ್ನು ಚಾಂಪಿಯನ್ಸ್ ಲೀಗ್ ಗುಂಪಿಗೆ ಮುಟ್ಟಿಸಿದ ಗೋಲೂ ಅವನದೇ. ಆದರೆ ಆ 159ರಲ್ಲಿ ಅದು ಇಲ್ಲ.