ಗಾಳಿಗೆ ಹೆದರುವ ದೋಣಿ

ದೋಣಿಯ ಹಿಂಬದಿಯಲ್ಲಿ ಒಂದು ಮಣ್ಣಿನ ವಾಡೆ ಇತ್ತು. ನಮ್ಮ ಹಳ್ಳಿಮನೆಗಳಲ್ಲಿ ಕಾಳು ತುಂಬಿಡುತ್ತಿದ್ದರಲ್ಲ, ಆ ಥರದ್ದು. ಆದರೆ ಪೂರ್ತಿ ವಾಡೆಯಲ್ಲ, ಬರೀ ಕೆಳಗಿನ ಅರ್ಧ. ಅದರಲ್ಲಿ ಕೆಂಡ ಹಾಕಿ ಅಡುಗೆ ಮಾಡುತ್ತಿದ್ದರು. ಸೌದೆ ಸೀಳಲು ಜೊತೆಗೊಂದು ಮಚ್ಚು, ಉಣ್ಣಲು ತಟ್ಟೆಗಳು. ಒಡೆದ ಬಕೀಟಿಗೆ ಮಣ್ಣು ತುಂಬಿ ತುಳಸಿ ನೆಡುವ ನಮಗೆ ಇದರಲ್ಲಿ ವಿಶೇಷ ಏನೂ ಕಾಣಿಸಲಿಕ್ಕಿಲ್ಲ. ಆದರೆ ಈ ಒಲೆ ಕೊನೆಯ ಸಲ ಉರಿದು ಹತ್ತಿರ ಹತ್ತಿರ 2,000 ವರ್ಷ ಆಗಿದೆ. ಮಡಕೆ ಅಷ್ಟು ಕಾಲ ಉಳಿಯುವುದು ದೊಡ್ಡ ಮಾತಲ್ಲ. ಮಡಕೆ ಇಟ್ಟಿದ್ದ ಮರದ ದೋಣಿಯೂ ಉಳಿದಿದೆಯಲ್ಲ, ಆಶ್ಚರ್ಯ ಅದು.

ದೋಣಿ ಇರುವುದು ಫ್ರಾನ್ಸಿನ ದಕ್ಷಿಣಕ್ಕೆ, ರೋನ್ ನದಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು ಸಿಗುವ ಆರ್ಲ್ ಎಂಬ ಊರಿನಲ್ಲಿ. ಚಿತ್ರಕಾರ ವ್ಯಾನ್ ಗೋ 1888ರಲ್ಲಿ ಬಂದು ಹಳದಿ ಮನೆಯಲ್ಲಿ ಬಾಡಿಗೆಗಿದ್ದ ಊರು. ಅವನಿಗಿಂತ ಬಹಳ ಮೊದಲೇ ಇದು ರೋಮನ್ನರ ದೊಡ್ಡ ಬಂದರು. ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರ್ ಮಾರ್ಸೇ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಅವನಿಗೆ ಹಡಗುಗಳು ಬೇಕಾದವು. ಆರ್ಲ್‌ನ ಬಡಗಿಗಳು ಮರ ಕಡಿದ ದಿನದಿಂದ 30 ದಿನದಲ್ಲಿ 12 ಯುದ್ಧ ಹಡಗು ಕಟ್ಟಿಕೊಟ್ಟರು ಅಂತ ಸೀಸರ್ ತಾನೇ ಬರೆದುಕೊಂಡಿದ್ದಾನೆ. ಮೂರು ವರ್ಷದ ನಂತರ ಅವನ ಆರನೇ ದಳದ ನಿವೃತ್ತ ಸಿಪಾಯಿಗಳಿಗೆ ಇಲ್ಲೇ ಜಮೀನು ಸಿಕ್ಕಿತು.

ಆ ಕಾಲದ ಕಲ್ಲಿನ ಕಟ್ಟಡಗಳು ಊರಿನ ನಡುವೆ ಇವತ್ತಿಗೂ ನಿಂತಿವೆ. ಸುಮಾರು 20,000 ಜನ ಕೂತು ನೋಡಬಹುದಾಗಿದ್ದ ಬಯಲು ಅಖಾಡ ಇದೆ. ಅದು ಉಳಿದದ್ದೂ ಒಂದು ಕಥೆಯೇ. ರೋಮ್ ಸಾಮ್ರಾಜ್ಯ ಮುಗಿದ ಮೇಲೆ ಜನ ಆ ಅಖಾಡದ ಒಳಗೇ ಮನೆ ಕಟ್ಟಿಕೊಂಡರು. ಗೋಡೆಗಳು ಕೋಟೆಯ ಹಾಗೆ ಕೆಲಸಕ್ಕೆ ಬಂದವು. 19ನೇ ಶತಮಾನದಲ್ಲಿ ತೆರವು ಮಾಡುವಾಗ ಒಳಗೆ ಇನ್ನೂರಕ್ಕೂ ಜಾಸ್ತಿ ಮನೆಗಳಿದ್ದವಂತೆ. ಕಲ್ಲು ಉಳಿಯುವುದು ಹೀಗೆ, ಯಾರಾದರೂ ಬಳಸುತ್ತಿದ್ದರೆ. ಮರ, ಬಟ್ಟೆ, ಹಗ್ಗದ ದಾರಿಯೇ ಬೇರೆ. ಅವನ್ನು ಯಾರೂ ಮುಟ್ಟಬಾರದು. ಮುಖ್ಯವಾಗಿ ಗಾಳಿ ಮುಟ್ಟಬಾರದು.

ಆರ್ಲ್‌ನ ಪುರಾತತ್ವ ಸಂಗ್ರಹಾಲಯ ಊರಿಂದ ತುಸು ಹೊರಗೆ, ನದಿಯ ದಡದಲ್ಲಿದೆ. ಪೆರುವಿನಲ್ಲಿ ಹುಟ್ಟಿದ ಆನ್ರಿ ಸಿರಿಯಾನಿ ರೂಪಿಸಿದ ಮೂರು ಮೂಲೆಯ ನೀಲಿ ಕಟ್ಟಡ. 1995ರಲ್ಲಿ ತೆರೆಯಿತು. ಊರಿನವರು ಸುಮ್ನೆ ‘ನೀಲಿ ಮ್ಯೂಸಿಯಂ’ ಅನ್ನುತ್ತಾರೆ. ಪಕ್ಕದಲ್ಲೇ ರೋಮನ್ನರು ರಥದ ರೇಸ್ ನಡೆಸುತ್ತಿದ್ದ ಮೈದಾನದ ಅವಶೇಷ ಇದೆ. ಆ ಜಾಗ ಜವುಗು. ಹಾಗಾಗಿ ಮೊದಲು ಸುಮಾರು 30,000 ಮರದ ಗೂಟಗಳನ್ನು ನೆಲಕ್ಕೆ ಹೊಡೆದು, ಅದರ ಮೇಲೆ ಕಟ್ಟಿದ್ದರು. ಮೇಲಿನ ಕಲ್ಲನ್ನು ಬಹುಪಾಲು ಜನ ಹೊತ್ತುಕೊಂಡು ಹೋದರು. ಕೆಳಗಿನ ಗೂಟಗಳು ಕೆಸರಿನಲ್ಲಿ ಹಾಗೇ ಉಳಿದವು. ಮರದೊಳಗೆ ವರ್ಷಕ್ಕೊಂದರಂತೆ ಬೆಳೆಯುವ ಬಳೆಗಳನ್ನು ಎಣಿಸಿ, ಕ್ರಿ.ಶ. 149ರ ಸುಮಾರಿಗೆ ಈ ಕೆಲಸ ನಡೆದಿದೆ ಅಂತ ಹೇಳುವಷ್ಟು ಚೆನ್ನಾಗಿ ಉಳಿದವು.

ಕೆಸರಿಗೆ ಆ ಗುಣ ಎಲ್ಲಿಂದ ಬಂತು? ಮರವನ್ನು ಜೋರಾಗಿ ತಿನ್ನುವುದು ಶಿಲೀಂಧ್ರ ಮತ್ತು ಹುಳುಗಳು. ಇವೆರಡಕ್ಕೂ ಆಮ್ಲಜನಕ ಬೇಕು. ನದಿಯ ತಳದ ನುಣುಪಾದ ಮೆಕ್ಕಲುಮಣ್ಣಿನೊಳಗೆ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿ ಬದುಕುವುದು ಕೆಲವು ಬ್ಯಾಕ್ಟೀರಿಯಾಗಳು ಮಾತ್ರ, ಅವು ತಿನ್ನುವುದೂ ಬಲು ನಿಧಾನ.

ರೋನ್ ನದಿಯ ತಳದಲ್ಲಿ ಕೆಸರಿಗೆ ಬರವಿಲ್ಲ, ಕಸಕ್ಕೂ ಬರವಿಲ್ಲ. ರೋಮನ್ ಬಂದರಿನವರು ಕೆಲಸ ಮುಗಿದ ಜಾಡಿಗಳನ್ನು ನೇರವಾಗಿ ನದಿಗೆ ಎಸೆಯುತ್ತಿದ್ದರು. ಎಣ್ಣೆ, ವೈನ್, ಮೀನಿನ ಸಾರು ತುಂಬಿ ಬಂದ ಎರಡು ಹಿಡಿಯ ಜಾಡಿಗಳು, ಅಂದರೆ ಆಂಫೋರಾಗಳು, ರಾಶಿ ರಾಶಿ. ನದಿಗೆ ಕಸ ಸುರಿಯುವುದು ಈಗಿನವರ ಚಾಳಿ ಅಂತ ನಾವು ಬೈಯುತ್ತೇವೆ ನೋಡಿ, ಹಳಬರೂ ಕಡಿಮೆಯಿರಲಿಲ್ಲ. ಪುರಾತತ್ವಜ್ಞ ಲೂಕ್ ಲಾಂಗ್ 1980ರ ದಶಕದಿಂದ ಈ ನೀರಿಗೆ ಇಳಿದು ಹುಡುಕುತ್ತಾ ಬಂದವರು. ನೀರು ಕದಡಿದ್ದು, ಸೆಳೆತ ಬಲ, ಕೈ ಚಾಚಿದಷ್ಟು ದೂರವೂ ಸರಿಯಾಗಿ ಕಾಣದು. 2007ರಲ್ಲಿ ಅವರ ತಂಡಕ್ಕೆ ಒಂದು ಅಮೃತಶಿಲೆಯ ತಲೆ ಸಿಕ್ಕಿತು. ಇದು ಸೀಸರ್‌ನದೇ ತಲೆ, ಅವನು ಬದುಕಿದ್ದಾಗಲೇ ಕೆತ್ತಿದ್ದು ಅಂತ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಅವನಲ್ಲ, ಯಾರೋ ಊರಿನ ದೊಡ್ಡ ಮನುಷ್ಯ ಅನ್ನುವ ವಿದ್ವಾಂಸರೂ ಇದ್ದಾರೆ. ಜಗಳ ಇನ್ನೂ ತೀರಿಲ್ಲ. ಜನ ಫೋಟೋ ತೆಗೆಯಲು ಮುಗಿಬೀಳುವುದು ಆ ತಲೆಯ ಮುಂದೆ. ನನ್ನ ಮಟ್ಟಿಗೆ, ಅದಕ್ಕಿಂತ ಮೂರು ವರ್ಷ ಮೊದಲು ಕಸದ ರಾಶಿಯ ಕೆಳಗೆ ಕೈಗೆ ತಾಗಿದ ಹಲಗೆಯೇ ಹೆಚ್ಚು.

ಆ ಹಲಗೆ 31 ಮೀಟರ್ ಉದ್ದದ ಸರಕು ದೋಣಿಯದು. ಎರಡು ಸಿಟಿ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೂ ಅಷ್ಟು ಉದ್ದ ಆಗುವುದಿಲ್ಲ. ಅಗಲ ಮಾತ್ರ ಮೂರು ಮೀಟರ್‌ಗೂ ಕಮ್ಮಿ. ಬಹುಪಾಲು ಓಕ್ ಮರ, ಚಪ್ಪಟೆ ತಳ. ಹಲಗೆ ಸಂದುಗಳಲ್ಲಿ ನೀರು ನುಗ್ಗದಂತೆ ರಾಳದಲ್ಲಿ ಅದ್ದಿದ ಉಣ್ಣೆ ಬಟ್ಟೆ ತುರುಕಿದ್ದರು. ಕ್ರಿ.ಶ. 50ರ ದಶಕದ ಹೊತ್ತಿಗೆ ಕ್ವಾರಿಯಿಂದ ಸುಣ್ಣದ ಕಲ್ಲು ಹೇರಿಕೊಂಡು ಬಂದು ದಡದಲ್ಲಿ ನಿಂತಿದ್ದಾಗ ಮುಳುಗಿತು. ಬಹುಶಃ ದಿಢೀರನೆ ಬಂದ ಪ್ರವಾಹ. ಕಲ್ಲಿನ ಭಾರಕ್ಕೆ ನೇರವಾಗಿ ತಳ ಸೇರಿತು, ಮೇಲೆ ಬೇಗ ಕೆಸರು ಮುಚ್ಚಿತು. ನಿಧಾನಕ್ಕೆ ಮುಳುಗಿದ್ದರೆ ಯಾರಾದರೂ ಒಲೆ, ಮಚ್ಚು, ತಟ್ಟೆ ಎತ್ತಿಕೊಂಡು ಹೋಗಿರುತ್ತಿದ್ದರು, ಅಲ್ವಾ?

ಅದರ ಕಂಬವೂ ಸಿಕ್ಕಿದೆ. ಗಿಡ್ಡ ಕಂಬ, ಪಟ ಕಟ್ಟಲು ಅಲ್ಲ. ಅದರ ಮೇಲೆ ಹಗ್ಗ ಉಜ್ಜಿ ಉಜ್ಜಿ ಸವೆದ ಗುರುತುಗಳಿವೆ, ಹಳ್ಳಿಯ ಬಾವಿಕಟ್ಟೆಯ ಕಲ್ಲಿನಲ್ಲಿ ಇರುತ್ತದಲ್ಲ, ಹಾಗೆ. ಇಳಿಮುಖ ಹೋಗುವಾಗ ನದಿಯೇ ಒಯ್ಯುತ್ತಿತ್ತು. ಮೇಲ್ಮುಖ ಬರುವಾಗ ದಡದಲ್ಲಿ ನಡೆಯುವ ಆಳುಗಳು ಹೆಗಲಿಗೆ ಹಗ್ಗ ಹಾಕಿ ಎಳೆಯಬೇಕಿತ್ತು. ಆ ಆಳುಗಳ ಹೆಸರು ಎಲ್ಲಿಯೂ ಇಲ್ಲ. ಹಗ್ಗದ ಗುರುತು ಇದೆ.

2011ರಲ್ಲಿ ದೋಣಿಯನ್ನು ಮೇಲೆತ್ತಿದರು. ಇಡಿಯಾಗಿ ಅಲ್ಲ. ಮುಳುಗುಗಾರರು ನೀರಿನಡಿಯಲ್ಲೇ ಗರಗಸ ಹಿಡಿದು ಅದನ್ನು ಹತ್ತು ತುಂಡು ಮಾಡಿದರು. ಎರಡು ಸಾವಿರ ವರ್ಷ ಉಳಿದ ವಸ್ತುವನ್ನು ಉಳಿಸಲಿಕ್ಕೆ ಕತ್ತರಿಸುವುದು ಅಂದರೆ ಕೇಳಲಿಕ್ಕೇ ಕಷ್ಟ. ಆದರೆ ಆ ಮರ ಇಡಿಯಾಗಿ ಎತ್ತಿದರೆ ತನ್ನ ಭಾರಕ್ಕೆ ತಾನೇ ಮುರಿಯುವ ಸ್ಥಿತಿಯಲ್ಲಿತ್ತು. ನೋಡಲಿಕ್ಕೆ ಗಟ್ಟಿ ಹಲಗೆ, ಒಳಗೆ ಬರೀ ನೀರು.

ಹೀಗೆ ಆಗುವುದು ಏಕೆಂದರೆ, ಮರದ ಪ್ರತಿ ಜೀವಕೋಶದ ಗೋಡೆಯಲ್ಲಿ ಮುಖ್ಯವಾಗಿ ಎರಡು ಪದಾರ್ಥ ಇರುತ್ತವೆ. ಸೆಲ್ಯುಲೋಸ್ ನಾರು, ಅದನ್ನು ಹಿಡಿದಿಡುವ ಲಿಗ್ನಿನ್. ಕೆಸರಿನ ಬ್ಯಾಕ್ಟೀರಿಯಾ ಸೆಲ್ಯುಲೋಸನ್ನು ತಿನ್ನುತ್ತವೆ, ಲಿಗ್ನಿನ್ ತಂಟೆಗೆ ಜಾಸ್ತಿ ಹೋಗುವುದಿಲ್ಲ. ಹಾಗಾಗಿ ಆಕಾರ ಉಳಿಯುತ್ತದೆ, ಬಲ ಹೋಗುತ್ತದೆ. ಖಾಲಿಯಾದ ಜಾಗಕ್ಕೆಲ್ಲ ನೀರು ಸೇರಿ ಆ ನೀರೇ ಗೋಡೆಗಳಿಗೆ ಊರುಗೋಲು ಆಗುತ್ತದೆ. ಇಂಥ ಮರವನ್ನು ಬಿಸಿಲಿಗೆ ಇಟ್ಟರೆ ನೀರು ಆವಿಯಾಗುತ್ತಾ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಮಾಳಿಗೆ ಮೇಲೆ ಒಣಹಾಕಿದ ಬಾಳಕದ ಮೆಣಸಿನಕಾಯಿ ಸುರುಟಿಕೊಳ್ಳುತ್ತದಲ್ಲ, ಹಾಗೆ ಹಲಗೆಯೂ ಮುದುಡಿ ಬಿರುಕು ಬಿಡುತ್ತದೆ. ಒಮ್ಮೆ ಮುದುಡಿದರೆ ಮುಗಿಯಿತು.

ತುಂಡುಗಳು ಹಸಿಯಾಗಿಯೇ ಗ್ರೆನೋಬಲ್ ನಗರದ ಆರ್ಕ್-ನ್ಯೂಕ್ಲಿಯಾರ್ ಪ್ರಯೋಗಾಲಯಕ್ಕೆ ಹೋದವು. ಅಲ್ಲಿ ಅವನ್ನು ತಿಂಗಳುಗಟ್ಟಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದ್ರಾವಣದಲ್ಲಿ ನೆನೆಹಾಕಿದರು. ಚುಟುಕಾಗಿ ಇದನ್ನು ಪೆಗ್ ಅನ್ನುತ್ತಾರೆ. ಬಾರಿನ ಪೆಗ್ ಅಲ್ಲ. ಮುಲಾಮು, ಟೂತ್‌ಪೇಸ್ಟ್, ಮಲಬದ್ಧತೆಯ ಪುಡಿಗಳಲ್ಲೆಲ್ಲ ಇರುವ, ನೀರಿನಲ್ಲಿ ಕರಗುವ ಮೇಣದಂಥ ವಸ್ತು. ಇದು ಮೆಲ್ಲಗೆ ಮರದೊಳಗೆ ಇಳಿದು ನೀರಿನ ಜಾಗ ಹಿಡಿಯುತ್ತದೆ. ಊರುಗೋಲನ್ನು ಒಂದೊಂದಾಗಿ ಬದಲಿಸಿದ ಹಾಗೆ.

ಆಮೇಲೂ ಒಂದಿಷ್ಟು ನೀರು ಉಳಿದಿರುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಪೂಜೆ ತಟ್ಟೆಯಲ್ಲಿಟ್ಟ ಕರ್ಪೂರ ಕರಗಿ ನೀರಾಗುವುದಿಲ್ಲ, ಗಟ್ಟಿಯಿಂದ ನೇರವಾಗಿ ಗಾಳಿ ಸೇರಿ ಸಣ್ಣದಾಗುತ್ತಾ ಹೋಗುತ್ತದೆ. ಮಂಜುಗಡ್ಡೆಯಿಂದಲೂ ಈ ಕೆಲಸ ಮಾಡಿಸಬಹುದು. ಮರವನ್ನು ಹೆಪ್ಪುಗಟ್ಟಿಸಿ, ಸುತ್ತಲಿನ ಗಾಳಿಯನ್ನು ಪಂಪಿನಿಂದ ಎಳೆದರೆ ಸಾಕು, ಮಂಜು ದ್ರವವಾಗದೆ ನೇರ ಆವಿಯಾಗುತ್ತದೆ. ದ್ರವವೇ ಇಲ್ಲದ ಮೇಲೆ ಗೋಡೆಗಳನ್ನು ಎಳೆಯುವವರು ಯಾರು? ಇನ್‌ಸ್ಟಂಟ್ ಕಾಫಿಯ ಕೆಲವು ಬ್ರಾಂಡುಗಳೂ ಹೀಗೇ ತಯಾರಾಗುತ್ತವೆ.

ಮರದ ಕಾಟ ಇಷ್ಟಾದರೆ ಕಬ್ಬಿಣದ್ದು ಇನ್ನೊಂದು. ದೋಣಿಯಲ್ಲಿ ಸಾವಿರಕ್ಕೂ ಜಾಸ್ತಿ ಮೊಳೆಗಳಿದ್ದವು. ಚರಂಡಿ ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಗಮನಿಸಿರುತ್ತೀರಿ. ಗಾಳಿಯಿಲ್ಲದ ಕೆಸರಿನ ಬ್ಯಾಕ್ಟೀರಿಯಾ ಬಿಡುವ ಗಂಧಕದ ಅನಿಲ ಅದು. ಅದು ಮೊಳೆಯ ಕಬ್ಬಿಣದ ಜೊತೆ ಸೇರಿ ಮರದೊಳಗೆ ಪೈರೈಟ್‌ನಂಥ ಕಣಗಳಾಗುತ್ತವೆ. ನೀರಿನಡಿ ಇದ್ದಷ್ಟು ಕಾಲ ಅವು ಸುಮ್ಮನಿರುತ್ತವೆ. ಮೇಲೆ ಬಂದು ಗಾಳಿ, ತೇವ ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಮರವನ್ನು ಒಳಗಿನಿಂದಲೇ ಸುಡುತ್ತದೆ. ಸ್ವೀಡನ್ನಿನ ವಾಸಾ ಹಡಗನ್ನು 1961ರಲ್ಲಿ ಮೇಲೆತ್ತಿ, 17 ವರ್ಷ ಪೆಗ್ ಸಿಂಪಡಿಸಿ, ಎಲ್ಲ ಸರಿಹೋಯಿತು ಅಂತ ನಿಟ್ಟುಸಿರು ಬಿಟ್ಟಿದ್ದರು. 2000ದ ಬೇಸಿಗೆಯ ಹೊತ್ತಿಗೆ ಅದರ ಮೈಮೇಲೆ ಆಮ್ಲದ ಉಪ್ಪಿನ ಕಲೆಗಳು ಕಾಣಿಸಿಕೊಂಡವು. ಆ ಪಾಠದ ನಂತರ ಕಬ್ಬಿಣವನ್ನು ಯಾರೂ ಹಗುರಾಗಿ ನೋಡುವುದಿಲ್ಲ. ಆದ್ದರಿಂದಲೇ ಆರ್ಲ್‌ನ ದೋಣಿಯ ಸುತ್ತಲಿನ ತೇವವನ್ನು ಹೆಚ್ಚು ಕಡಿಮೆ ಆಗದಂತೆ ಕಾಯಬೇಕು. ನೋಡಲು ಬರುವ ನಾವು ಒಬ್ಬೊಬ್ಬರೂ ಉಸಿರಿನಲ್ಲಿ ತೇವ ಹೊತ್ತು ತರುವವರೇ.

ಇದಕ್ಕೆಂದೇ ಮ್ಯೂಸಿಯಂಗೆ ಹೊಸ ಭಾಗ ಸೇರಿಸಿದರು. ಒಟ್ಟು ಖರ್ಚು ಸುಮಾರು 90 ಲಕ್ಷ ಯೂರೋ. 2013ರಲ್ಲಿ ದೋಣಿ ಜನರಿಗೆ ತೆರೆಯಿತು. ಹತ್ತು ತುಂಡುಗಳು ಒಂದಾಗಿವೆ. ಕಲ್ಲಿನ ಸರಕನ್ನೂ ಅದರಲ್ಲಿ ಮೊದಲಿನಂತೆ ಹೇರಿಟ್ಟಿದ್ದಾರೆ.

ಇದೇ ಮ್ಯೂಸಿಯಂನ ಉಗ್ರಾಣದಲ್ಲಿ ನೋಡಲು ಏನೂ ಅನ್ನಿಸದ ಇನ್ನೊಂದು ಸಂಗ್ರಹ ಇದೆ. ಬಿಳಿ ಸುಣ್ಣದ ಹಕ್ಕಳೆಗಳು. ಬೋರ್‌ವೆಲ್ ನೀರು ಬಳಸುವವರಿಗೆ ಇದರ ಪರಿಚಯ ಬೇಕಿಲ್ಲ. ಗೀಸರ್ ಕಾಯಿಲ್ ಮೇಲೆ, ನಲ್ಲಿ ಬಾಯಲ್ಲಿ ಕಟ್ಟುವ ಅದೇ ಗಟ್ಟಿ ಪದರ. ಆರ್ಲ್ ಹತ್ತಿರದ ಬಾರ್ಬೆಗಾಲ್ ಎಂಬ ಗುಡ್ಡದ ಇಳಿಜಾರಿನಲ್ಲಿ ರೋಮನ್ನರು ಎರಡು ಸಾಲಿನಲ್ಲಿ 16 ನೀರಿನ ಚಕ್ರ ಕೂರಿಸಿ ಗೋಧಿ ಬೀಸುತ್ತಿದ್ದರು. ದಿನಕ್ಕೆ 25 ಟನ್ ಹಿಟ್ಟು ಆಗುತ್ತಿತ್ತು ಅಂತ ಅಂದಾಜಿದೆ. ಈ ಮರದ ಚಕ್ರಗಳಿಗೆ ಕೆಸರಿನ ಆಶ್ರಯ ಸಿಗಲಿಲ್ಲ, ಕೊಳೆತು ಹೋದವು. ಅವುಗಳ ಮೇಲೆ ಕಟ್ಟಿದ್ದ ಹಕ್ಕಳೆ ಮಾತ್ರ ಉಳಿಯಿತು. ಒಳಮೈಯಲ್ಲಿ ಮರದ ಎಳೆಗಳ ಅಚ್ಚು ಸಮೇತ.

ಜರ್ಮನಿಯ ಮೈಂಟ್ಸ್ ವಿಶ್ವವಿದ್ಯಾಲಯದವರು ಮುಂದೆ ನಿಂತು 142 ತುಂಡುಗಳನ್ನು ಪರೀಕ್ಷಿಸಿ 2018ರಲ್ಲಿ ಅಧ್ಯಯನ ಪ್ರಕಟಿಸಿದರು. ಹಕ್ಕಳೆ ಪದರ ಪದರವಾಗಿ ಬೆಳೆಯುತ್ತದೆ. ನೀರು ತಣ್ಣಗಿದ್ದಾಗ ಕಟ್ಟಿದ ಪದರಕ್ಕೂ ಬೆಚ್ಚಗಿದ್ದಾಗ ಕಟ್ಟಿದ್ದಕ್ಕೂ ಅದರೊಳಗಿನ ಆಮ್ಲಜನಕದ ಭಾರದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಅದನ್ನು ಅಳೆದರೆ ಯಾವ ಪದರ ಯಾವ ಋತುವಿನದು ಅಂತ ತಿಳಿಯುತ್ತದೆ. ಹಾಗೆ ಓದುತ್ತಾ ಹೋದಾಗ ಪ್ರತಿ ವರ್ಷ ಬೇಸಿಗೆಯ ಕೊನೆಯಿಂದ ಕೆಲವು ತಿಂಗಳು ಗಿರಣಿ ನಿಲ್ಲುತ್ತಿತ್ತು ಅನ್ನುವುದು ಗೊತ್ತಾಯಿತು. ಊರಿಗೆ ದಿನನಿತ್ಯದ ಬ್ರೆಡ್ಡಿಗೆ ಹಿಟ್ಟು ಕೊಡುವ ಗಿರಣಿ ಹಾಗೆ ನಿಲ್ಲುವಂತಿಲ್ಲ. ಚಳಿಗಾಲದಲ್ಲಿ ನಿಲ್ಲುತ್ತಿದ್ದದ್ದು ಸಮುದ್ರಯಾನ. ಹಾಗಾದರೆ ಇಲ್ಲಿ ಬೀಸುತ್ತಿದ್ದದ್ದು ಹಡಗಿನವರು ಒಯ್ಯುವ ಗಟ್ಟಿ ಬಿಸ್ಕತ್ತಿಗೆ ಇರಬಹುದು ಅಂತ ಅವರ ಊಹೆ. ನಾವು ಆಸಿಡ್ ಹಾಕಿ ಉಜ್ಜಿ ತೆಗೆಯುವ ಹಕ್ಕಳೆಯಿಂದ ಇಷ್ಟು ಹೊರಟಿತು.

ದೋಣಿಯಲ್ಲಿ ಇನ್ನೊಂದು ವಸ್ತು ಸಿಕ್ಕಿದ್ದನ್ನು ಹೇಳದಿದ್ದರೆ ಸಮಾಧಾನ ಇಲ್ಲ. ಎರಡು ಹಲಗೆಗಳ ನಡುವೆ ಒಂದು ಬೆಳ್ಳಿ ನಾಣ್ಯ. ರೋಮನ್ನರ ದಿನಾರಿಯಸ್. ಬಿದ್ದು ಸಿಕ್ಕಿಕೊಂಡದ್ದಲ್ಲ, ಕಟ್ಟುವಾಗಲೇ ಇಟ್ಟದ್ದು. ಬುನಾದಿ ಹಾಕುವಾಗ ನಾವು ನಾಣ್ಯ, ನವಧಾನ್ಯ ಹಾಕುವ ಹಾಗೆ, ಒಳ್ಳೆಯದಾಗಲಿ ಅಂತ.

ದಿನಾರಿಯಸ್ ನಮಗೂ ಹೊಸದಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಅಗಸ್ಟಸ್, ಟೈಬೀರಿಯಸ್‌ರಿಂದ ಹಿಡಿದು ಕ್ಲಾಡಿಯಸ್‌ವರೆಗಿನ ಅರಸರವು. ಕ್ಲಾಡಿಯಸ್ ಸತ್ತದ್ದು ಕ್ರಿ.ಶ. 54ರಲ್ಲಿ, ಅಂದರೆ ಹೆಚ್ಚುಕಡಿಮೆ ಈ ದೋಣಿಯ ಕಾಲದಲ್ಲೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಇಂಥವು ಸಿಕ್ಕಿವೆ.

ಆದರೆ ದೋಣಿಯ ಬಡಗಿ ಹೊಸ ನಾಣ್ಯ ಇಟ್ಟಿರಲಿಲ್ಲ. ಅವನು ಆರಿಸಿಕೊಂಡದ್ದು ಕ್ರಿ.ಪೂ. 123ರಲ್ಲಿ ಅಚ್ಚಾದದ್ದು. ಅವನ ಕೈಗೆ ಬರುವ ಹೊತ್ತಿಗೆ ಅದಕ್ಕೇ ಸುಮಾರು 170 ವರ್ಷ ವಯಸ್ಸಾಗಿತ್ತು. ಅಜ್ಜನ ಪೆಟ್ಟಿಗೆಯಲ್ಲಿದ್ದದ್ದೋ, ಹಳೆಯ ಬೆಳ್ಳಿ ಒಳ್ಳೆಯದು ಅಂತ ಹುಡುಕಿ ತಂದದ್ದೋ. ಹಲಗೆ ಕೂರಿಸಿ, ಮೊಳೆ ಹೊಡೆದು, ಇನ್ನು ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಬಿಟ್ಟಿದ್ದ.